ಮೂರು ನೀರು

ಮನೆಯೊಡತಿಯ ಮಗ ತೀರಿಕೊಂಡರೆ ಬಾಡಿಗೆಗಿರುವವಳು ಎಷ್ಟು ಅಳಬಹುದು? ಅದಕ್ಕೂ ಒಂದು ಅಳತೆ ಇದೆ ಎಂದು ಮಧುಶ್ರೀಗೆ ಗೊತ್ತಾದದ್ದು ಈ ಜನವರಿಯಲ್ಲಿ. ದುಪಟ್ಟಾ ತುದಿಯಿಂದ ಕಣ್ಣೊತ್ತಿಕೊಳ್ಳಬಹುದು. ‘ಎಂಥ ಒಳ್ಳೇ ಹುಡುಗ’ ಎಂದು ನಾಲ್ಕು ಜನರೆದುರು ಹೇಳಬಹುದು. ಬಂದ ನೆಂಟರಿಗೆ ಕಾಫಿ ಹಂಚಬಹುದು. ಅದಕ್ಕಿಂತ ಒಂದು ಹನಿ ಹೆಚ್ಚು ಸುರಿಸಿದರೂ ಕೆಳಮನೆಯಲ್ಲಿ ಕೂತ ಹೆಂಗಸರು ತಿರುಗಿ ನೋಡುತ್ತಾರೆ. ಹಾಗಾಗಿ ಅವಳು ಮಹಡಿಯ ತನ್ನ ಕೋಣೆಗೆ ಹೋಗಿ, ಬಚ್ಚಲ ನಲ್ಲಿ ಬಿಟ್ಟುಕೊಂಡು, ಬಾಯಿಗೆ ಟವೆಲ್ ತುರುಕಿಕೊಂಡು ಅಳುತ್ತಿದ್ದಳು. ಕೆಳಗಿನಿಂದ ಸರೋಜಮ್ಮ, ಮಗನನ್ನು ಕಳೆದುಕೊಂಡ ಆ ತಾಯಿಯೇ, “ಮಧೂ, ನಲ್ಲಿ ಬುಟ್ಬುಟ್ಟಿದ್ದೀಯ ಕಣವ್ವ, ಟ್ಯಾಂಕು ಖಾಲಿ ಆಯ್ತದೆ” ಎಂದು ಕೂಗುತ್ತಿದ್ದರು.

ನಗರದಂಚಿನ ಬೋಗಾದಿಯಲ್ಲಿ ಆ ಮನೆ ಹಳಬರದ್ದು. ಸರೋಜಮ್ಮನ ಗಂಡ ಚೆಲುವರಾಜು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಡಾವಣೆ ಎದ್ದಿದೆ, ಬಡಾವಣೆಯ ಬಾಗಿಲಿಗೆ ಒಂದು ಕಮಾನು, ಕಮಾನಿನ ಕೆಳಗೆ ಪಾನಿಪುರಿ ಗಾಡಿ. ಬೇಸಾಯ ಹೋದ ಮೇಲೆ ಅವರು ಮಹಡಿ ಎಬ್ಬಿಸಿ ಓದುವ ಹುಡುಗಿಯರಿಗೆ ಕೋಣೆ ಕೊಡುವವರಾದರು. ಮಧುಶ್ರೀ ನಂಜನಗೂಡಿನ ಕಡೆಯವಳು. ಅಪ್ಪ ಸಿದ್ದಲಿಂಗಸ್ವಾಮಿ ಮಠದ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು, ಬೆಳಗಿನ ಪೂಜೆಯಾಗದೆ ಗುಟುಕು ನೀರೂ ಕುಡಿಯದವರು. ಮಗಳು ಪಿಎಚ್‌ಡಿ ಮಾಡುತ್ತಿದ್ದಾಳೆ ಎಂಬ ಹೆಮ್ಮೆ ಅವರಿಗೆಷ್ಟಿತ್ತೋ, ಅವಳು ನಮ್ಮವರಲ್ಲೇ ಮದುವೆಯಾಗುತ್ತಾಳೆ ಎಂಬ ನಂಬಿಕೆಯೂ ಅಷ್ಟೇ ಇತ್ತು. ಸೊಸೆಯ ವಿಚಾರದಲ್ಲಿ ಸರೋಜಮ್ಮನಿಗೂ ಅಂಥದೇ ನಂಬಿಕೆ. ಈ ಎರಡು ನಂಬಿಕೆಗಳ ನಡುವೆ, ಮನೆಯ ಮೆಟ್ಟಿಲ ಮೇಲೆ, ಮಧುಶ್ರೀಯೂ ಸರೋಜಮ್ಮನ ಮಗ ಸ್ವರೂಪನೂ ಸಿಕ್ಕಿಬಿದ್ದರು.

ಸ್ವರೂಪ್ ಅವಳ ಬದುಕಿಗೆ ಬಂದದ್ದು ಚರ್ಮದ ಮೂಲಕ. ತಮಾಷೆಗೆ ಹೇಳುತ್ತಿಲ್ಲ, ನಿಜಕ್ಕೂ ಚರ್ಮದ ಮೂಲಕವೇ. ಮಧುಶ್ರೀ ಕೆಲಸ ಮಾಡುವ ಲ್ಯಾಬು ಜಯಲಕ್ಷ್ಮಿಪುರಂನ ಒಂದು ಹಳೆಯ ಬಂಗಲೆಯಲ್ಲಿದೆ. ಮುಟ್ಟಿದರೆ ಚರ್ಮ ಕಿತ್ತುಬರುವ ಒಂದು ಕಾಯಿಲೆಯ ಮೇಲೆ ಅಲ್ಲಿ ಸಂಶೋಧನೆ. ಕಾಯಿಲೆಯವರ ಚರ್ಮದ ಜೊತೆ ಹೋಲಿಸಿ ನೋಡಲು ಆರೋಗ್ಯವಂತರ ಚರ್ಮವೂ ಬೇಕು. ಯಾರನ್ನು ಕೇಳುವುದು? ಹೊಸ ಮನೆಗಳಿಗೆ ವೈರಿಂಗ್ ಮಾಡಿಸುವ ಕಂಟ್ರಾಕ್ಟ್ ಹಿಡಿದಿದ್ದ ಕೆಳಮನೆಯ ಹುಡುಗ ಒಂದು ಸಂಜೆ ಅವಳ ಕೋಣೆಯ ಫ್ಯಾನು ರಿಪೇರಿಗೆ ಬಂದಿದ್ದ. ಸಂಕೋಚದಿಂದಲೇ ಕೇಳಿದಳು, ಒಂದು ಕಡಲೆಬೇಳೆಯಷ್ಟು ಚರ್ಮ ಸಾಕು, ಡಾಕ್ಟರೇ ತೆಗೆಯುತ್ತಾರೆ ಎಂದು. ಅವನು ಸ್ಟೂಲಿನ ಮೇಲಿಂದಲೇ ನಕ್ಕ.

“ಕರೆಂಟ್ ಹೊಡ್ಸ್ಕೊಂಡು ಎಷ್ಟು ಚರ್ಮ ಸುಟ್ಕೊಂಡಿದೀನಿ ಗೊತ್ತೇನ್ರೀ? ಕಡ್ಲೆಬೇಳೆ ಯಾವ ಲೆಕ್ಕ, ತಗೊಳ್ಳಿ.”

ತೋಳಿನ ಒಳಮಗ್ಗುಲಿನಿಂದ ತೆಗೆದ ಆ ಚೂರು ಲ್ಯಾಬಿನಲ್ಲಿ ಬೆಳೆಯತೊಡಗಿತು. ಸ್ವರೂಪನಿಗೆ ಅದರ ಮೇಲೆ ಮಕ್ಕಳ ಮೇಲಿನಷ್ಟು ಮಮತೆ ಬಂದುಬಿಟ್ಟಿತು. ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ “ನಮ್ಮುಡುಗ ಹೆಂಗಿದ್ದಾನೆ?” ಎಂದು ವಿಚಾರಿಸುವನು. ಅವಳು ಹೇಳುತ್ತಾ ಹೋದಳು, ಅವನು ಕೇಳುತ್ತಾ ಹೋದ. ಪ್ರೀತಿ ಹುಟ್ಟಲು ಹೂವೇ ಬೇಕೆಂದೇನಿಲ್ಲ. ಇವರಿಬ್ಬರ ನಡುವೆ ಅದು ಪಾಲಿಲೈಸಿನ್ ಎಂಬ ಬಿಳಿ ಪುಡಿಯ ವಿಚಾರ ಮಾತಾಡುತ್ತಾ ಹುಟ್ಟಿತು ಎಂದರೆ ಯಾರೂ ನಂಬಲಿಕ್ಕಿಲ್ಲ.

ಜೀವಕೋಶಗಳಿಗೆ ಕೂರಲು ನೆಲ ಬೇಕು. ನೆಲಕ್ಕೆ ಕಚ್ಚಿಕೊಂಡರೆ ಹರಡಿ ಬೆಳೆಯುತ್ತವೆ, ಕಚ್ಚಿಕೊಳ್ಳದಿದ್ದರೆ ತೇಲಿ ಸಾಯುತ್ತವೆ. ನರಕೋಶದಂಥ ನಾಜೂಕಿನವು, ಬಳಲಿ ಬಂದಂಥವು, ಬರಿಯ ಪ್ಲಾಸ್ಟಿಕ್ ತಟ್ಟೆಯ ಮೇಲೆ ಕೂರಲು ಒಪ್ಪುವುದಿಲ್ಲ. ಆಗ ಈ ಪುಡಿಯನ್ನು ಶುದ್ಧ ನೀರಲ್ಲಿ ಕರಗಿಸಿ ತಟ್ಟೆಗೆ ಬಳಿಯುತ್ತಾರೆ. ಲೈಸಿನ್ ಎಂಬ ಒಂದೇ ಮಣಿಯನ್ನು ಸಾಲಾಗಿ ಪೋಣಿಸಿದ ಉದ್ದನೆಯ ಸರ ಅದು. ಪ್ರತಿ ಮಣಿಯ ಮೇಲೂ ಒಂದು ಧನ ವಿದ್ಯುದಂಶ. ಲ್ಯಾಬಿನಲ್ಲಿ ಎಲ್ಲರೂ ಅದನ್ನು ‘ಅಂಟು’ ಎಂದೇ ಕರೆಯುತ್ತಿದ್ದರು. ಇಷ್ಟನ್ನು ಅವಳು ಹೇಳಿದ್ದೇ ತಡ, ಸ್ವರೂಪ್ ತನ್ನ ಕಸುಬಿನ ಭಾಷೆಯಲ್ಲಿ ಹಿಡಿದುಕೊಂಡ.

“ತಟ್ಟೆನೂ ಮೈನಸ್ಸು, ಜೀವಕೋಶದ ಮೈನೂ ಮೈನಸ್ಸು. ಎರಡೂ ಒಂದನ್ನೊಂದು ದೂರ ತಳ್ತವೆ. ನಡುವೆ ನಿಮ್ಮ ಅಂಟು ಪ್ಲಸ್ಸು, ಎರಡನ್ನೂ ಹಿಡ್ಕೊಳ್ಳುತ್ತೆ. ಅಷ್ಟೇ ತಾನೆ?”

“ಅಷ್ಟೇ. ಮೂರು ವರ್ಷದಲ್ಲಿ ನಮ್ಮ ಸರ್ ಇಷ್ಟು ಸಲೀಸಾಗಿ ಹೇಳಿಕೊಟ್ಟಿಲ್ಲ.”

“ಮೇಲ್ಮನೆ ಮೈನಸ್ಸು, ಕೆಳ್ಮನೆ ಮೈನಸ್ಸು. ನಮಗೆ ಯಾರ್ರೀ ಪ್ಲಸ್ಸು?”

“ನಿಮ್ಮಮ್ಮನ ಮಜ್ಜಿಗೆಹುಳಿ,” ಎಂದಳು ಮಧುಶ್ರೀ. ಸರೋಜಮ್ಮ ಕೊಟ್ಟು ಕಳಿಸಿದ ಬಟ್ಟಲು ಆಗ ಅವನ ಕೈಯಲ್ಲೇ ಇತ್ತು.

ಅಂಟಿಗೆ ಇನ್ನೊಂದು ಗುಣವೂ ಇದೆ, ಅದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಹಿಡಿದುಕೊಳ್ಳುವ ಶಕ್ತಿಯೇ ಅದರ ಕೇಡು. ತಟ್ಟೆಗೆ ಕಚ್ಚಿಕೊಂಡದ್ದು ಒಳ್ಳೆಯದು ಮಾಡುತ್ತದೆ. ಕಚ್ಚಿಕೊಳ್ಳದೆ ಸಡಿಲವಾಗಿ ಉಳಿದದ್ದು ಜೀವಕೋಶದ ಪೊರೆಯ ಮೇಲೆ ಬಿದ್ದು, ಅದನ್ನು ತೂತು ಮಾಡಿ ಕೊಂದುಬಿಡುತ್ತದೆ. ಅದಕ್ಕೇ ಬಳಿದ ಮೇಲೆ ತಟ್ಟೆಯನ್ನು ಮತ್ತೆ ಮತ್ತೆ ತೊಳೆಯಬೇಕು. ಅಕ್ಕಿ ತೊಳೆಯುವಾಗ ಮೊದಲ ನೀರು, ಎರಡನೇ ನೀರು ಎನ್ನುತ್ತಾರಲ್ಲ, ಮಧುಶ್ರೀಯ ಗೆಳತಿ ಶಾಲಿನಿ ಆ ಮಾತನ್ನು ಲ್ಯಾಬಿಗೆ ತಂದು ರೂಢಿ ಮಾಡಿದ್ದಳು. “ಮೂರು ನೀರಾಯ್ತಾ?” ಎಂದರೆ ಚೆನ್ನಾಗಿ ತೊಳೆದಾಯಿತೇ ಎಂದರ್ಥ. “ನೀರು ಹಾಕಿದೆ” ಎಂದರೆ ತೊಳೆದಾಯಿತು, ಇನ್ನು ಕೋಶ ಬಿಡಬಹುದು. ಮುಖ್ಯಸ್ಥರಾದ ಪ್ರೊಫೆಸರ್ ಪ್ರಭುಸ್ವಾಮಿ, ಇಂಗ್ಲಿಷ್ ಬಿಟ್ಟು ಉಸಿರಾಡದ ಮನುಷ್ಯ, ಅವರೂ ಕೊನೆಗೆ “ನೀರ್ ಡನ್?” ಎಂದು ಕೇಳತೊಡಗಿದ್ದರು.

ಯುಗಾದಿ ಮುಗಿಸಿಕೊಂಡು ಎರಡೂ ಮನೆಯಲ್ಲಿ ಹೇಳೋಣ ಎಂದು ಸ್ವರೂಪ್ ಹೇಳಿದ್ದ. ಹಬ್ಬದ ಒಬ್ಬಟ್ಟು ತಿಂದ ಬಾಯಲ್ಲಿ ಅಮ್ಮ ಕೆಟ್ಟದ್ದು ಆಡಲಾರಳು ಎಂಬುದು ಅವನ ಲೆಕ್ಕ. ಸಂಕ್ರಾಂತಿಯ ಮುಂಚಿನ ವಾರ ರಿಂಗ್ ರಸ್ತೆಯಲ್ಲಿ ಜಲ್ಲಿ ತುಂಬಿದ ಟಿಪ್ಪರ್ ಅವನ ಬೈಕನ್ನು ಉಜ್ಜಿಕೊಂಡು ಹೋಯಿತು. ಬೋಗಾದಿ ತಿರುವಿನಲ್ಲೇ, ಮನೆ ಕಾಣುವಷ್ಟು ಹತ್ತಿರದಲ್ಲಿ.

ಆ ವಂಶದವರನ್ನು ಹೊಲದ ಅಂಚಿನಲ್ಲಿ ಹೂಳುವುದು ವಾಡಿಕೆ. ಹೊಲ ಎಲ್ಲಿದೆ? ಅಜ್ಜನನ್ನು ಹೂತ ಜಾಗದ ಮೇಲೆ ಈಗ ಯಾರದೋ ಕಾರ್ ಶೆಡ್ಡು ನಿಂತಿದೆ. ಸ್ವರೂಪನನ್ನು ವಿದ್ಯುತ್ ಚಿತಾಗಾರಕ್ಕೆ ಒಯ್ದರು, ಬೂದಿಯನ್ನು ಶ್ರೀರಂಗಪಟ್ಟಣದಲ್ಲಿ ಹೊಳೆಗೆ ಬಿಟ್ಟರು. ಸರೋಜಮ್ಮನಿಗೆ ಹೋಗಿ ಅಳಲು ಒಂದು ಗುಡ್ಡೆ ಮಣ್ಣೂ ಉಳಿಯಲಿಲ್ಲ. ಮಧುಶ್ರೀಗೆ ಅಳುವ ಹಕ್ಕೂ ಉಳಿಯಲಿಲ್ಲ. ಗಾಡಿ ಹೊರಟಾಗ ಅವಳು ಮಹಡಿ ಕಟ್ಟೆ ಹಿಡಿದು ನಿಂತಿದ್ದಳು, ಪಕ್ಕದ ಕೋಣೆಯ ಇನ್ನಿಬ್ಬರು ಬಾಡಿಗೆ ಹುಡುಗಿಯರ ಜೊತೆ, ಅವರಂತೆಯೇ.

ಆದರೆ ಒಂದು ಉಳಿದಿತ್ತು. ಲ್ಯಾಬಿನ ಮೂಲೆಯಲ್ಲಿ ದ್ರವ ಸಾರಜನಕದ ಟ್ಯಾಂಕಿದೆ, ಅದರ ಹೊಗೆಯಾಡುವ ಚಳಿಯಲ್ಲಿ ಕಿರುಬೆರಳಿನಷ್ಟು ಉದ್ದದ ಸೀಸೆಗಳಲ್ಲಿ ಜೀವಕೋಶಗಳನ್ನು ಹೆಪ್ಪುಗಟ್ಟಿಸಿ ಇಟ್ಟಿರುತ್ತಾರೆ. ಸಾಯುವುದೂ ಇಲ್ಲ, ಬದುಕುವುದೂ ಇಲ್ಲ, ಕಾಯುತ್ತಿರುತ್ತವೆ. ಅಲ್ಲಿ ಸ್ವರೂಪನ ಕೋಶಗಳ ಒಂದೇ ಒಂದು ಸೀಸೆ ಮಿಕ್ಕಿತ್ತು. ಉಳಿದವನ್ನೆಲ್ಲ ಮಧುಶ್ರೀಯೇ ಪ್ರಯೋಗಗಳಲ್ಲಿ ಧಾರಾಳವಾಗಿ ಖರ್ಚು ಮಾಡಿದ್ದಳು. ಕೆಟ್ಟರೆ ಇನ್ನೊಂದು ಕಡಲೆಬೇಳೆ ಕೊಡುತ್ತಾನೆ ಎಂದುಕೊಂಡು ಮಾಡಿದ್ದಳು, ಪಾಪ. ಕೈಯಳತೆಯಲ್ಲಿ ಇರುವವರು ಮುಗಿದುಹೋಗುತ್ತಾರೆ ಎಂದು ಯಾರಿಗೆ ತಾನೆ ಅನ್ನಿಸುತ್ತದೆ?

ಮಾರ್ಚಿನಲ್ಲಿ ಪ್ರಭುಸ್ವಾಮಿ ಟ್ಯಾಂಕು ಖಾಲಿ ಮಾಡಿಸಬೇಕೆಂದರು. ಸಂಕ್ರಾಂತಿ ರಜೆಯಲ್ಲಿ ಯಾರೂ ಗಮನಿಸದೆ ಸಾರಜನಕ ತಳಕ್ಕಿಳಿದು, ಸೀಸೆಗಳು ಅರೆಬರೆ ಹಾಳಾಗಿದ್ದವು. ಬೇರೆಯವರ ಒಂದೆರಡು ಸೀಸೆ ಕರಗಿಸಿ ನೋಡಿದರೆ ಬಹುಪಾಲು ಸತ್ತಿದ್ದವು, ಉಳಿದವಕ್ಕೆ ತಟ್ಟೆ ಹಿಡಿಯುವ ತ್ರಾಣವಿರಲಿಲ್ಲ. ಎಲ್ಲವನ್ನೂ ಎಸೆದುಬಿಡಿ ಎಂದರು. ಮಧುಶ್ರೀ ಅವರ ಕೋಣೆಗೆ ಹೋಗಿ, ಈ ಒಂದನ್ನು ಬೆಳೆಸಿಕೊಳ್ಳುತ್ತೇನೆ ಸರ್ ಎಂದು ಕೇಳಿದಳು. ಅವರು ಕಾರಣ ಕೇಳಲಿಲ್ಲ. ಅವಳ ಮುಖ ನೋಡಿ ಕನ್ನಡಕ ತೆಗೆದು ಒರೆಸಿಕೊಂಡು, ಎಂದೂ ಇಲ್ಲದೆ ಕನ್ನಡದಲ್ಲಿ ಹೇಳಿದರು.

“ಚರ್ಮದ ಕೋಶಕ್ಕೆ ಅಂಟು ಬೇಕಾಗಲ್ಲ. ಆದ್ರೆ ಇವು ಸೋತಿರ್ತವೆ ಕಣಮ್ಮ. ಪಾಲಿಲೈಸಿನ್ ಬಳಿದು ಬಿಡು. ಹಿಡ್ಕೊಂಡ್ರೆ ಉಳೀತವೆ.”

ಮಧುಶ್ರೀ ತನ್ನೊಳಗೇ ಒಂದು ಆಣೆ ಇಟ್ಟುಕೊಂಡಳು. ಇವು ಹಿಡಿದುಕೊಂಡರೆ, ಸರೋಜಮ್ಮನನ್ನು ಕರೆತಂದು ತೋರಿಸುತ್ತೇನೆ, ಆ ಹೊತ್ತಿನಲ್ಲೇ ನಾನು ಯಾರು ಎಂದು ಹೇಳಿಬಿಡುತ್ತೇನೆ. ಬರಿಗೈಯಲ್ಲಿ ಹೋಗಿ ‘ನಿಮ್ಮ ಮಗ ನನ್ನವನಾಗಿದ್ದ’ ಎಂದರೆ ಯಾವ ತಾಯಿ ಸಹಿಸುತ್ತಾಳೆ? ಅವನ ಒಂದು ಚೂರು ಜೀವವನ್ನು ಕೈಗಿಟ್ಟು ಹೇಳಿದರೆ ಬಯ್ದರೂ ದೂಡಲಾರಳು. ಮಧುಶ್ರೀಗೆ ಬೇಕಾಗಿದ್ದದ್ದು ಅಷ್ಟೇ, ಆ ಮನೆಯಲ್ಲಿ ಕೂತು ಬಾಯ್ಬಿಟ್ಟು ಅಳುವ ಒಂದು ಜಾಗ.

ಆತುರ ತಡೆಯಲಾರದೆ ಅರ್ಧವನ್ನು ಮುಂಚೆಯೇ ಹೇಳಿಬಿಟ್ಟಳು. ಸರೋಜಮ್ಮ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಕೂತು, ಸ್ವರೂಪ್ ಅವರು ಹಿಂದೆ ಚರ್ಮ ಕೊಟ್ಟಿದ್ದರು, ಅದು ಇನ್ನೂ ಲ್ಯಾಬಿನಲ್ಲಿದೆ, ಅದನ್ನು ಬೆಳೆಸುತ್ತಿದ್ದೇನೆ ಎಂದಳು. ಸರೋಜಮ್ಮನ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು.

“ಅಂದ್ರೆ ಜೀವ ಐತಾ?”

“ಇರಬೇಕು ಅಮ್ಮ. ತಟ್ಟೆ ಹಿಡ್ಕೊಂಡ್ರೆ ಗೊತ್ತಾಗುತ್ತೆ.”

“ನನ್ ಮಗಂದು ಜೀವ ಇನ್ನೊಂದ್ಕಡೆ ಐತೆ ಅಂತ ನೀನು ಈಗ ಹೇಳ್ತಿದ್ದೀಯ?” ಎಂದು ಸರೋಜಮ್ಮ ಅವಳ ಮೊಣಕೈ ಹಿಡಿದುಕೊಂಡರು. “ನಾನು ನೋಡ್ಬೋದಾ? ಎಂಗವ್ನೆ ಅಂತ ಒಂದ್ಸಲ ನೋಡ್ಬುಟ್ಟು ಬಂದ್ಬುಡ್ತೀನಿ.”

ಶುಕ್ರವಾರ ಬನ್ನಿ ಎಂದಳು ಮಧುಶ್ರೀ.

ಬುಧವಾರ ಸಂಜೆ ತಟ್ಟೆಗೆ ಅಂಟು ಬಳಿಯಲು ಕೂತರೆ ಹನಿ ಬಿಡುವ ಪಿಪೆಟ್ಟಿನ ತುದಿ ಮತ್ತೆ ಮತ್ತೆ ತಟ್ಟೆಯ ಅಂಚಿಗೆ ತಾಗಿ ಸದ್ದು ಮಾಡುತ್ತಿತ್ತು. ಲ್ಯಾಬಿನಲ್ಲಿ ಅವಳ ಗುಟ್ಟು ಗೊತ್ತಿದ್ದವಳು ಶಾಲಿನಿ ಒಬ್ಬಳೇ. “ಎದ್ದೇಳೆ, ನಾನು ಮಾಡ್ತೀನಿ” ಎಂದು ಅವಳನ್ನು ಎಬ್ಬಿಸಿ ಕಳಿಸಿದಳು. ಶಾಲಿನಿ ದೊಡ್ಡ ಕೈಯವಳು, ಊಟಕ್ಕೆ ಕರೆದರೆ ಎಲೆ ತುಂಬಾ ತುಪ್ಪ ಸುರಿಯುವವರ ಮನೆಯ ಹುಡುಗಿ. ಸೋತ ಕೋಶಗಳಲ್ಲವೇ, ಗಟ್ಟಿಯಾಗಿ ಹಿಡಿದುಕೊಳ್ಳಲಿ ಎಂದು ಅಂಟನ್ನು ಮಾಮೂಲಿಗಿಂತ ಎಷ್ಟೋ ಮಂದವಾಗಿ ಕಲಸಿ ಹಾಕಿದಳು. ಸ್ವರೂಪನನ್ನು ಅವಳೂ ಬಲ್ಲಳು, ಅಣ್ಣಾ ಎನ್ನುತ್ತಿದ್ದಳು.

ಮರುದಿನ ವಿಜಯನಗರದಲ್ಲಿ ಶಾಲಿನಿಯ ಸೋದರತ್ತೆಯ ಗೃಹಪ್ರವೇಶ. ರೇಷ್ಮೆ ಸೀರೆಯುಟ್ಟು ಹೋಗುವ ದಾರಿಯಲ್ಲಿ ಲ್ಯಾಬಿಗೆ ಹೊಕ್ಕು ತಟ್ಟೆ ನೋಡಿದಳು. ಮಾರ್ಚಿನ ಒಣ ಹವೆಗೆ ಅಂಟಿನ ದ್ರವ ಅರ್ಧಕ್ಕೆ ಇಂಗಿತ್ತು. ಪೂರ್ತಿ ಒಣಗಿಹೋದರೆ ಮಧು ಬರುವಷ್ಟರಲ್ಲಿ ಕೆಲಸ ಕೆಡುತ್ತದೆಂದು, ಇಂಗಿದ್ದಷ್ಟು ನೀರನ್ನು ಸೇರಿಸಿ ಮುಚ್ಚಿಟ್ಟಳು. ಸಾರು ಬತ್ತಿದರೆ ಮಾಡುತ್ತೇವಲ್ಲ, ಹಾಗೆ. ಸ್ಕೂಟರ್ ಹತ್ತುವ ಮೊದಲು ಫೋನ್ ಮಾಡಿದಳು.

“ತಟ್ಟೆಗೆ ನೀರು ಹಾಕ್ಬುಟ್ಟಿದೀನಿ ಕಣೆ. ಯೋಚ್ನೆ ಮಾಡ್ಬೇಡ, ಆರಾಮಾಗಿ ಬಾ.”

ನೀರು ಹಾಕಿದೆ. ಮಧುಶ್ರೀ ಕೇಳಿಸಿಕೊಂಡದ್ದು, ತೊಳೆದಾಯಿತು ಎಂದು. ಶಾಲಿನಿ ಹೇಳಿದ್ದು, ಬತ್ತಿದ್ದಕ್ಕೆ ನೀರು ಸೇರಿಸಿದೆ ಎಂದು. ಬೇರೆ ಯಾವ ಊರಿನ ಲ್ಯಾಬಿನಲ್ಲಾದರೂ ಇಂಥ ತಪ್ಪಾಗುತ್ತಿರಲಿಲ್ಲ, ಅಲ್ಲಿ ಯಾರೂ ನೀರನ್ನು ಹೀಗೆ ಹಾಕುವುದಿಲ್ಲ. ಇಬ್ಬರೂ ಕನ್ನಡದವರೇ, ಒಂದೇ ಊಟ ಹಂಚಿ ತಿಂದವರೇ, ಎರಡು ಪದದ ಮಾತು ಇಬ್ಬರ ಕಿವಿಯಲ್ಲೂ ಬೇರೆ ಬೇರೆಯಾಗಿ ಕೂತಿತು.

ಮಧುಶ್ರೀ ಬಂದಳು, ಟ್ಯಾಂಕಿನಿಂದ ಸೀಸೆ ತೆಗೆದಳು. ಬಿಸಿನೀರ ಬಟ್ಟಲಲ್ಲಿ ಅದನ್ನು ಆಡಿಸುವಾಗ, ಒಳಗಿನ ಮಂಜಿನ ಗಂಟು ಸಣ್ಣದಾಗುತ್ತಾ ಬಂದದ್ದನ್ನು ನೋಡಿ ಅವಳಿಗೆ ಬಾಗಿಲು ತೆರೆದು ಯಾರೋ ಒಳಗೆ ಬರುತ್ತಿದ್ದಾರೆ ಅನ್ನಿಸಿತು. ತಟ್ಟೆಯಲ್ಲಿದ್ದ ನೀರನ್ನು ಹೀರಿ ತೆಗೆದಳು. ಅದು ಕೊನೆಯ ನೀರೆಂದು ಅವಳ ನಂಬಿಕೆ. ಅಂಚಿನಲ್ಲಿ ಒಣಗಿ ಕೂತಿದ್ದ ಅಂಟು ಕಣ್ಣಿಗೆ ಕಾಣುವಂಥದ್ದಲ್ಲ. ಕೋಶಗಳನ್ನು ನಿಧಾನವಾಗಿ ಬಿಟ್ಟಳು. “ಹಿಡ್ಕೊಳ್ಳೋ” ಎಂದು ಮೆಲ್ಲಗೆ ಹೇಳಿದಳು. ಬೆಚ್ಚಗಿನ ಪೆಟ್ಟಿಗೆಯೊಳಗೆ ಇಟ್ಟು, ಬಾಗಿಲಿಗೆ ಹಣೆ ಒತ್ತಿ ನಿಂತಳು. ಎಷ್ಟೋ ದಿನಗಳ ಮೇಲೆ ಅವಳು ಆ ರಾತ್ರಿ ನಲ್ಲಿ ಬಿಡದೆ ಮಲಗಿದಳು.

ಶುಕ್ರವಾರ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ತಟ್ಟೆಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟಳು. ಬದುಕಿದ್ದರೆ ಅವು ಎರಡೂ ತುದಿ ಚೂಪಾಗಿ, ಉದ್ದಕ್ಕೆ ಚಾಚಿಕೊಂಡು, ನೆಲಕ್ಕೆ ಕಚ್ಚಿರಬೇಕಿತ್ತು. ನೆಲದ ಮೇಲೆ ಒಂದೂ ಇರಲಿಲ್ಲ. ಎಲ್ಲವೂ ಗುಂಡಗೆ, ಮಂಕಾಗಿ, ತೇಲುತ್ತಿದ್ದವು. ಆಗಲೂ ನಂಬಲಿಲ್ಲ. ಒಂದು ಹನಿ ತೆಗೆದು ನೀಲಿ ಬಣ್ಣ ಬೆರೆಸಿ ನೋಡಿದಳು. ಬದುಕಿದ ಕೋಶ ಆ ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಪೊರೆ ಹರಿದ ಸತ್ತ ಕೋಶ ಮಾತ್ರ ನೀಲಿಯಾಗುತ್ತದೆ. ಕಣ್ಣಿಗೆ ಕಂಡದ್ದೆಲ್ಲ ನೀಲಿಯೇ. ಬೇರೆ ಬೇರೆ ಕಡೆಯಿಂದ ಹನಿ ತೆಗೆದಳು. ನೀಲಿಯೇ.

ಶಾಲಿನಿ ಹೂ ಮುಡಿದುಕೊಂಡೇ ಓಡಿ ಬಂದಳು, ನಿನ್ನೆಯ ಹೂವು. “ಹಿಡ್ಕೊಂಡ್ವಾ?” ಎಂದವಳು ಮಧುಶ್ರೀಯ ಮುಖ ನೋಡಿ ನಿಂತಳು.

“ನೀರು ಹಾಕಿದೀನಿ ಅಂದ್ಯಲ್ಲೇ.”

“ಹೂಂ, ಹಾಕಿದ್ದೆ. ಒಣಗೋಗ್ತಿತ್ತು, ಅದಕ್ಕೇ ಇನ್ನೊಂಚೂರು ನೀರು…” ಏನಾಯಿತೆಂದು ಶಾಲಿನಿಗೆ ಆಗ ತಿಳಿಯಿತು. “ನೀನು ತೊಳೀಲಿಲ್ವಾ? ಅಯ್ಯೋ, ನೀನು ತೊಳೀತೀಯ ಅಂತ ನಾನು… ನಾನು ಅಷ್ಟು ಗಟ್ಟಿ ಬೇರೆ ಹಾಕಿದ್ದೆನಲ್ಲೇ ಮಧೂ.”

ಮಧುಶ್ರೀ ತಟ್ಟೆಯ ಮುಚ್ಚಳ ಹಾಕಿದಳು. ಬಯ್ದು ಏನು ಪ್ರಯೋಜನ? ಸೀಸೆ ಕರಗಿಸಿದ ಕೈ ಯಾರದ್ದು, ಕೋಶ ಬಿಟ್ಟ ಕೈ ಯಾರದ್ದು? ಟಿಪ್ಪರಿನವನು ಒಂದು ಸಲ ಸಾಯಿಸಿದ, ನಾನು ಇನ್ನೊಂದು ಸಲ ಸಾಯಿಸಿದೆ ಎಂದುಕೊಂಡಳು. ಅಷ್ಟರಲ್ಲಿ ಕೆಳಗೆ ಚೆಲುವರಾಜು ಅವರ ಸ್ಕೂಟರಿನ ಸದ್ದು ಕೇಳಿಸಿತು.

ಶಾಲಿನಿ ಕಣ್ಣೊರೆಸಿಕೊಂಡು ಅವಸರದಲ್ಲಿ ಪಿಸುಗುಟ್ಟಿದಳು. “ನನ್ನದೊಂದು ತಟ್ಟೆ ಇದೆ, ಚೆನ್ನಾಗಿ ಹರಡ್ಕೊಂಡಿದೆ. ಅದನ್ನೇ ಇಡೋಣ. ಅಮ್ಮಂಗೇನು ಗೊತ್ತಾಗುತ್ತೆ?”

“ಯಾರ ಚರ್ಮವನ್ನೋ ತೋರಿಸಿ ನಿಮ್ಮ ಮಗ ಅನ್ಲಾ? ಬೇಡ ಕಣೆ. ಇರೋದನ್ನೇ ತೋರಿಸಿ, ಇರೋದನ್ನೇ ಹೇಳ್ತೀನಿ.”

ಚೆಲುವರಾಜು ಗೇಟಿನ ಹತ್ತಿರವೇ ಉಳಿದರು, ಒಳಗೆ ಬರುವ ಧೈರ್ಯ ಆ ಮನುಷ್ಯನಿಗೆ ಆಗಲಿಲ್ಲ. ಸರೋಜಮ್ಮ ಒಬ್ಬರೇ ಬಂದರು. ಮಿಂದು, ಒಳ್ಳೆಯ ಸೀರೆಯುಟ್ಟು, ಆಸ್ಪತ್ರೆಯಲ್ಲಿ ಯಾರನ್ನೋ ನೋಡಲು ಬರುವವರ ಹಾಗೆ ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟರು. “ಎಲ್ಲವ್ನೆ?” ಎಂದರು.

ಮಧುಶ್ರೀ ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಸರೋಜಮ್ಮ ಸ್ಟೂಲಿನ ಮೇಲೆ ಕೂತು ಕಣ್ಣಿಟ್ಟಾಗಿತ್ತು. “ಏನೂ ಕಾಣಾಕಿಲ್ವಲ್ಲವ್ವ” ಎಂದರು. ಪಕ್ಕದ ತಿರುಪನ್ನು ಅವಳು ಸರಿ ಮಾಡಿದಳು, ತಟ್ಟೆ ತುಸು ಅಲುಗಿತು.

“ಅಯ್ಯೋ ನನ್ ಕಂದ! ಆಡ್ತಾವ್ನೆ! ಆಡ್ತಾವ್ನೆ ಕಣವ್ವ!”

ಬದುಕಿರುವ ಕೋಶ ಕಚ್ಚಿಕೊಂಡು ಕೂರುತ್ತದೆ, ನೋಡುವವರಿಗೆ ಅದು ಮಿಸುಕಾಡುವುದೇ ಕಾಣುವುದಿಲ್ಲ. ಸತ್ತದ್ದು ಮಾತ್ರ ಹಿಡಿತ ಬಿಟ್ಟು, ತಟ್ಟೆ ಅಲುಗಿದಾಗಲೆಲ್ಲ ದ್ರವದ ಜೊತೆ ಆ ಕಡೆ ಈ ಕಡೆ ತೇಲಾಡುತ್ತದೆ. ಸರೋಜಮ್ಮನಿಗೆ ಅದು ಆಟವಾಗಿ ಕಂಡಿತು. ಎರಡು ತಿಂಗಳಿಂದ ನಗು ಮರೆತಿದ್ದ ಆ ಮುಖದಲ್ಲಿ ನಗು ಬಂದಿತ್ತು.

“ಅಮ್ಮಾ, ಅದು…”

“ಸುಮ್ಕಿರವ್ವ, ಮಾತಾಡ್ಬ್ಯಾಡ. ನೋಡ್ಕತೀನಿ.” ಬಹಳ ಹೊತ್ತು ನೋಡಿದರು. ಆಮೇಲೆ ಪಕ್ಕಕ್ಕೆ ಸರಿದು ಅವಳ ಕೈ ಎಳೆದರು. “ಬಾ, ನೀನೂ ನೋಡು. ಕಾಣ್ತಾನಾ?”

ಮಧುಶ್ರೀ ಬಗ್ಗಿ ನೋಡಿದಳು. ಮಂಕು ಬಿಂದುಗಳು ತೇಲುತ್ತಿದ್ದವು. ಕಣ್ಣು ತುಂಬಿ ಅವೂ ಕಲಸಿಹೋದವು.

“ಕಾಣ್ತಾನೆ,” ಎಂದಳು.

ಕೆಳಮನೆಯವರೆದುರು ಒಂದು ದಿನವೂ ‘ಸ್ವರೂಪ್ ಅವರು’ ಎನ್ನುವುದನ್ನು ಬಿಟ್ಟವಳಲ್ಲ. ಬಂದರು, ಹೋದರು, ಇದ್ದಾರಾ ಎಂದೇ ಆಡಿದವಳು. ಕಾಣ್ತಾನೆ ಎನ್ನುವುದು ತಾಯಿ ಆಡುವ ಮಾತು, ಅಕ್ಕತಂಗಿ ಆಡುವ ಮಾತು, ಇಲ್ಲದಿದ್ದರೆ ಇನ್ನೊಬ್ಬಳು ಆಡುವ ಮಾತು. ಸರೋಜಮ್ಮನ ನಗು ಮೆಲ್ಲಗೆ ಹೋಯಿತು. ಅವಳ ಗದ್ದ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡರು.

“ಯಾವಾಗಿಂದವ್ವ?”

“ಯುಗಾದಿ ಆದ್ಮೇಲೆ ನಿಮಗೆ ಹೇಳ್ಬೇಕು ಅಂತಿದ್ವಿ ಅಮ್ಮ.”

ಬಯ್ಯುತ್ತಾರೆಂದು ಅವಳು ಕಾದಳು. ಸರೋಜಮ್ಮ ಅವಳ ಭುಜಕ್ಕೆ ಒಂದು ಏಟು ಹಾಕಿದರು, ಇನ್ನೊಂದು ಹಾಕಿದರು, ನೋವಾಗದ ಏಟುಗಳು. “ನನ್ ಪಕ್ಕದಾಗೇ ನಿಂತ್ಕಂಡು ಬಂದೋರ್ಗೆಲ್ಲ ಕಾಫಿ ಕೊಟ್ಯಲ್ಲೇ! ಒಂದ್ ಮಾತು ಹೇಳ್ಬಾರ್ದಾಗಿತ್ತಾ? ಇಬ್ರೂ ಕೂತ್ಕಂಡು ಅಳ್ತಿದ್ವಲ್ಲ. ನಾನೊಬ್ಳೇ ಅತ್ತೆ, ನೀನೊಬ್ಳೇ ಅತ್ತೆ.” ಹಾಗೆನ್ನುತ್ತಾ ಅವಳ ತಲೆಯನ್ನು ಎದೆಗೆ ಒತ್ತಿಕೊಂಡರು. ಮಧುಶ್ರೀ ಜನವರಿಯಿಂದ ಕೂಡಿಟ್ಟಿದ್ದನ್ನೆಲ್ಲ ಆ ಸೀರೆಯ ಮೇಲೆ ಸುರಿದಳು, ಬಾಯ್ಬಿಟ್ಟು, ಯಾರು ಕೇಳಿಸಿಕೊಂಡರೂ ಸರಿ ಎಂದು. ಬೇಕಾಗಿದ್ದದ್ದು ಸಿಕ್ಕಿತ್ತು. ಹೇಗೆ ಸಿಕ್ಕಿತ್ತೆಂಬುದು ಬಾಗಿಲ ಬಳಿ ಮುಖ ಮುಚ್ಚಿಕೊಂಡು ನಿಂತಿದ್ದ ಶಾಲಿನಿಗೂ ಅವಳಿಗೂ ಮಾತ್ರ ಗೊತ್ತಿತ್ತು.

“ಅಂಗಾದ್ರೆ ಇವ್ನು ನಿನ್ ತಾವೇ ಇರ್ಲಿ,” ಎಂದರು ಸರೋಜಮ್ಮ, ಅವಳ ಕೂದಲು ಸರಿಮಾಡುತ್ತಾ. “ನಿಂಗೇ ಕೊಟ್ಟೀನಿ. ಚೆನ್ನಾಗಿ ನೋಡ್ಕ ಕಣವ್ವ. ನನ್ ಕೈಲಂತೂ ಉಳಿಸ್ಕಳಕ್ಕಾಗ್ನಿಲ್ಲ.”

ಈಗ ಹೇಳಬೇಕು ಎಂದುಕೊಂಡಳು ಮಧುಶ್ರೀ. ಈಗಲ್ಲದಿದ್ದರೆ ಇನ್ನೆಂದೂ ಇಲ್ಲ. ಸರೋಜಮ್ಮ ಮತ್ತೆ ಮೈಕ್ರೋಸ್ಕೋಪಿನ ಕಡೆ ತಿರುಗಿದ್ದರು.

“ಇವ್ನಿಗೆ ಒಟ್ಟೆಗೇನು ಆಕ್ತೀರಿ?”

“ಕೆಂಪಗೆ ಒಂದು ನೀರಿದೆ ಅಮ್ಮ. ಅದರಲ್ಲೇ ಎಲ್ಲ ಇರುತ್ತೆ.”

“ಇವತ್ತು ಆಕಿದ್ಯಾ?”

“ಇಲ್ಲ.”

“ಆಕವ್ವ ಮತ್ತೆ. ನನ್ ಮುಂದೇನೇ ಆಕು. ಉಂಡಿದ್ದು ನೋಡ್ಕಂಡು ಓಯ್ತೀನಿ.”

ಮಧುಶ್ರೀ ಫ್ರಿಜ್ಜಿನಿಂದ ಆಹಾರದ ಸೀಸೆ ತಂದಳು. ಯಾವತ್ತೂ ಗಾಜಿನ ಕಪಾಟಿನೊಳಗೆ ಕೈಯಿಟ್ಟು ಮಾಡುವ ಕೆಲಸ ಅದು, ಹೊರಗಿನ ಗಾಳಿ ತಗುಲಿದರೆ ಸೋಂಕು. ಇವತ್ತು ಆ ಭಯವಿರಲಿಲ್ಲ. ತಟ್ಟೆಯನ್ನು ಮೇಜಿನ ಮೇಲೆಯೇ ಇಟ್ಟು ಮುಚ್ಚಳ ತೆಗೆದು, ಪಿಪೆಟ್ಟಿನಿಂದ ಹನಿಹನಿಯಾಗಿ ಬಿಡತೊಡಗಿದಳು. ತುದಿ ಒಮ್ಮೆಯೂ ಅಂಚಿಗೆ ತಾಗಲಿಲ್ಲ. ಸರೋಜಮ್ಮ ತಟ್ಟೆಗೆ ಮುಖ ತಂದುಕೊಂಡು ನೋಡುತ್ತಿದ್ದರು.

“ಇನ್ನೊಂಚೂರು ಆಕವ್ವ,” ಎಂದರು. “ಅಸ್ಕಂಡಿರ್ತಾನೆ.”

ಅವಳು ಇನ್ನೊಂದು ಚೂರು ಹಾಕಿದಳು.